ಪೆಟ್ಟಿಗೆಯ ಎಡಮಗ್ಗುಲು

ನೊಣ ಅಲ್ಲೇ ಇದೆ, ಎಡಮಗ್ಗುಲಲ್ಲೇ, ಬೂದು ಅಸ್ತರಿನ ಮೇಲೆ ಸ್ವಲ್ಪ ದೂರ ನಡೆಯುತ್ತದೆ, ನಿಲ್ಲುತ್ತದೆ, ಮುಂಗಾಲು ಉಜ್ಜಿಕೊಳ್ಳುತ್ತದೆ, ಮತ್ತೆ ನಡೆಯುತ್ತದೆ, ಇಡೀ ಬಯಲು ಅದರಪ್ಪನ ಆಸ್ತಿ ಅನ್ನುವ ಹಾಗೆ — ಹೋಗು, ಹೋಗಾಚೆ, ನಿನಗೆ ಬಿಟ್ಟ ಜಾಗವಲ್ಲ ಇದು, ಹಾಗಾದರೆ ಯಾರಿಗೆ ಬಿಟ್ಟದ್ದು ಎಂದು ನೊಣ ತಿರುಗಿ ಕೇಳೀತು. ಹಾಸಿಗೆಯ ಮೇಲೆ ಪುಸ್ತಕದ ಹಾಗೆ ಎರಡು ಕಡೆಗೂ ಬಿಚ್ಚಿಕೊಂಡು ಮಲಗಿರುವ ಈ ಹಸಿರು ಸೂಟ್‌ಕೇಸು ಬೆಳಿಗ್ಗೆಯಿಂದ ಹೀಗೇ ಬಾಯಿ ತೆರೆದಿದೆ, ಬಲಮಗ್ಗುಲಲ್ಲಿ ನನ್ನ ಹೆಂಡತಿಯ ಬಟ್ಟೆಬರೆ, ಬಿಳಿ ಕೋಟು, ಟವೆಲು, ದಪ್ಪ ಪುಸ್ತಕ, ಬೂಟು, ಎಲ್ಲ ಆಸ್ಪತ್ರೆಯ ಕಪಾಟಿನಲ್ಲಿಟ್ಟ ಹಾಗೆ ಸಾಲಾಗಿ, ಎಡಮಗ್ಗುಲಲ್ಲಿ ಏನೂ ಇಲ್ಲ, ಒಂದು ಕರವಸ್ತ್ರವೂ ಇಲ್ಲ. ನನ್ನದೆಲ್ಲ ಜೋಡಿಸಿ ಆಯ್ತು ರೀ, ಎಂದು ಬೆಳಿಗ್ಗೆ ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತಾ ಹೇಳಿದಳು, ನನ್ನ ಬಟ್ಟೆ ಕೆದಕೋಕೆ ಹೋಗ್ಬೇಡಿ, ಪೆಟ್ಟಿಗೆ ಮುಚ್ಚೋದೂ ಬೇಡ, ಹಾಗೇ ತೆರೆದಿರ್ಲಿ, ನಾನು ಬಂದು ನೋಡ್ತೀನಿ. ತೆರೆದಿರಲಿ ಅಂದರೆ ಏನರ್ಥ, ಪೆಟ್ಟಿಗೆಯೇನು ಅಂಗಡಿಯೇ, ಗಿರಾಕಿ ಬರಲಿ ಎಂದು ಬಾಗಿಲು ತೆಗೆದಿಡಲು? ಅವಳು ಹೋದದ್ದು ಹೆರಿಗೆ ಆಸ್ಪತ್ರೆಗೆ, ಇವತ್ತು ಅಲ್ಲಿ ಬೀಳ್ಕೊಡುಗೆ, ಹಿರಿಯ ನರ್ಸು ಅವಳು, ಊರಿಗೆಲ್ಲ ಸಿಸ್ಟರ್, ಅಂಗಡಿಯವನಿಗೆ ಸಿಸ್ಟರ್, ಅಂಚೆಯವನಿಗೆ ಸಿಸ್ಟರ್, ಈ ಬೀದಿಯ ಅರ್ಧ ಮಕ್ಕಳನ್ನು ಮೊದಲ ಸಲ ಅಳಿಸಿದವಳು ಅವಳೇ, ನಾನು ಮಾತ್ರ ಸಿಸ್ಟರ್ ಅನ್ನುವ ಹಾಗಿಲ್ಲ, ಒಮ್ಮೆ ತಮಾಷೆಗೆ ಅಂದು ಉಪ್ಪಿಲ್ಲದ ಊಟ ಮಾಡಿದ್ದೇನೆ. ಸಂಜೆ ರೈಲು. ದೂರದ ಬೆಟ್ಟದ ಊರಿನಲ್ಲಿ ಹೊಸ ಹೆರಿಗೆ ಆಸ್ಪತ್ರೆ ತೆರೆದಿದ್ದಾರೆ, ಅಲ್ಲಿನ ಎಳೆಯ ನರ್ಸುಗಳಿಗೆ ಕೆಲಸ ಕಲಿಸಲು ಇವಳನ್ನು ಆರಿಸಿ ಕರೆದಿದ್ದಾರೆ, ಇರಲು ಮನೆಯನ್ನೂ ಕೊಟ್ಟಿದ್ದಾರೆ, ಒಂದು ವರ್ಷ. ನನಗೂ ಹೋಗಬೇಕು. ವಿಷಯ ಇಷ್ಟೇ, ಸುತ್ತಿ ಬಳಸಿ ಹೇಳುವುದೇನಿದೆ — ನನಗೆ ಅವಳ ಜೊತೆ ಹೋಗಬೇಕು, ಅವಳು ಬನ್ನಿ ಅಂದಿಲ್ಲ, ನಾನು ಬರಲಾ ಅಂದಿಲ್ಲ.

ಮತ್ತೆ ಬಂತು ನೊಣ. ಖಾಲಿ ಜಾಗ ಕಂಡರೆ ಅದಕ್ಕೆ ಸಡಗರ, ನನಗೆ ಮೈಯೆಲ್ಲ ತುರಿಕೆ, ಇದು ರೋಗವಲ್ಲ, ಕಸುಬು — ಆಯುಷ್ಯವೆಲ್ಲ ಗುಂಡಿ ಮಾರಿದವನು ನಾನು, ಅಂಗಿಯ ಗುಂಡಿ, ಕೋಟಿನ ಗುಂಡಿ, ಮಕ್ಕಳ ಫ್ರಾಕಿಗೆ ಬಾತುಕೋಳಿ ಆಕಾರದ ಗುಂಡಿ, ಕಪ್ಪೆಚಿಪ್ಪಿನದು, ಮರದ್ದು, ಎಲ್ಲವನ್ನೂ ರಟ್ಟಿನ ಮೇಲೆ ಸಾಲಾಗಿ ಹೊಲಿದು, ಆ ರಟ್ಟುಗಳನ್ನು ಪೆಟ್ಟಿಗೆಯಲ್ಲಿಟ್ಟು ಊರೂರು ತಿರುಗಿ ಟೈಲರುಗಳ ಮುಂದೆ ಬಿಚ್ಚುವುದು, ಮುಚ್ಚುವುದು, ಮುಂದಿನ ಊರು. ನನಗೆ ಪೆಟ್ಟಿಗೆ ಕಟ್ಟಲು ಕಲಿಸಿದವನು ಕಂಪನಿಯ ಹಿರಿಯ ಸೇಲ್ಸ್‌ಮನ್, ನಾವೆಲ್ಲ ದೊಡ್ಡಣ್ಣ ಎನ್ನುತ್ತಿದ್ದೆವು, ಆಳು ಮಾತ್ರ ಗಿಡ್ಡ, ತಾನೇ ಪೆಟ್ಟಿಗೆಯೊಳಗೆ ಹಿಡಿಸಬಹುದಾದಷ್ಟು — ತಮ್ಮಾ, ಪೆಟ್ಟಿಗೆ ಲಟಲಟ ಅಂದ್ರೆ ಗುಂಡಿ ಒಡೆದಿದೆ ಅಂತ ಟೈಲರು ಅಂದ್ಕೋತಾನೆ, ವ್ಯಾಪಾರ ಅಲ್ಲಿಗೇ ಢಮಾರ್, ಒಳಗೆ ಬೆರಳು ತೂರೋಷ್ಟೂ ಸಂದು ಇರಬಾರದು, ಗಾಳಿ ಹೊತ್ಕೊಂಡು ಯಾಕೆ ತಿರುಗ್ತೀಯ, ಗಾಳಿ ಎಲ್ಲಾ ಊರಲ್ಲೂ ಸಿಗುತ್ತೆ. ಎಂಥ ಮಾತು ಅದು, ನಾನು ಮಗಳಿಗೆ ಎಬಿಸಿಡಿಗಿಂತ ಮುಂಚೆ ಇದನ್ನು ಹೇಳಿಕೊಟ್ಟೆ, ಶಾಲೆಯ ಚೀಲವನ್ನು ಎಷ್ಟು ಬಿಗಿಯಾಗಿ ತುಂಬಿಕೊಡುತ್ತಿದ್ದೆನೆಂದರೆ ಪಾಪ ಮಗುವಿಗೆ ಪುಸ್ತಕ ಹೊರತೆಗೆಯಲು ಟೀಚರನ್ನೇ ಕರೆಯಬೇಕಿತ್ತು. ಈಗ ಕಂಪನಿಯೂ ಇಲ್ಲ, ದೊಡ್ಡಣ್ಣನೂ ಇಲ್ಲ, ಎಲ್ಲರೂ ಜಿಪ್ಪು ಹಾಕಿಕೊಂಡು ಓಡಾಡುತ್ತಾರೆ, ನಾನು ಮನೆಯಲ್ಲಿ ಕೂತು ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸುತ್ತೇನೆ. ಅಂಥವನ ಮನೆಯಲ್ಲಿ, ಅಂಥವನ ಹಾಸಿಗೆಯ ಮೇಲೆ, ಅರ್ಧ ಖಾಲಿ ಪೆಟ್ಟಿಗೆ. ಅದೂ ನನ್ನನ್ನು ಕೇಳದೆ ತಾಯಿ ಮಗಳು ಹೋಗಿ ತಂದದ್ದು, ನಾಲ್ಕು ಚಕ್ರ ನಾಲ್ಕು ದಿಕ್ಕಿಗೆ ಓಡುತ್ತವೆ, ನಿಲ್ಲು ಅಂದರೆ ನಿಲ್ಲುವುದಿಲ್ಲ, ಇಬ್ಬರಿಗೆ ಸಾಲುವಷ್ಟು ದೊಡ್ಡದು, ಇಷ್ಟು ದೊಡ್ಡದು ಯಾಕೆ ಎಂದರೆ ತಾಯಿ ಮಗಳ ಮುಖ ನೋಡಿದಳು, ಮಗಳು ಚಾವಣಿ ನೋಡಿದಳು.

ಬರೀ ಬೂಟು. ಬೂಟನ್ನಷ್ಟೇ ಸರಿ ಮಾಡುತ್ತೇನೆ, ಬಟ್ಟೆ ಮುಟ್ಟಬೇಡಿ ಅಂದಿದ್ದಾಳೆ, ಬೂಟು ಬಟ್ಟೆಯಲ್ಲ, ಮೇಲುಗಡೆ ಇಟ್ಟಿದ್ದಾಳೆ ನೋಡು, ಪೆಟ್ಟಿಗೆ ನಿಲ್ಲಿಸಿದರೆ ಬೂಟೆಲ್ಲ ಕೋಟಿನ ಮೇಲೆ ಬಿದ್ದು — ಭಾರದ್ದು ಯಾವಾಗಲೂ ಚಕ್ರದ ಕಡೆಗೆ, ಇಲ್ಲಿ, ಹೀಗೆ, ಬೂಟಿನ ಹೊಟ್ಟೆ ಖಾಲಿ ಯಾಕೆ, ಕಾಲುಚೀಲ ಸುತ್ತಿ ಒಳಗೆ ತುರುಕಿದರೆ ಬೂಟಿನ ಆಕಾರವೂ ಉಳಿಯಿತು, ಕಾಲುಚೀಲಕ್ಕೆ ಬೇರೆ ಜಾಗವೂ ಬೇಡ, ಒಂದು ಕಲ್ಲಿಗೆ ಎರಡು ಹಕ್ಕಿ. ಕಾಲುಚೀಲ ತೆಗೆದ ಕಡೆ ಈಗ ಸಂದು ಬಿತ್ತು, ಅಲ್ಲಿಗೆ ಟವೆಲು, ಟವೆಲನ್ನು ಮಡಚಬಾರದು, ಸುರುಳಿ ಸುತ್ತಬೇಕು, ಉಣ್ಣೆಯದು, ಟವೆಲು, ಒಳ ಅಂಗಿ ಇವೆಲ್ಲ ಸುರುಳಿ, ಇಸ್ತ್ರಿಯ ಬಟ್ಟೆ ಮಾತ್ರ ಚಪ್ಪಟೆ. ಇನ್ನು ಬಿಳಿ ಕೋಟು, ಅಯ್ಯೋ ದೇವರೇ, ನಾಲ್ಕು ಮಡಿಕೆ ಹಾಕಿದ್ದಾಳೆ, ಅಲ್ಲಿ ತೆಗೆದು ತೊಟ್ಟರೆ ಎದೆಯ ಮೇಲೆ ಅಡ್ಡಗೆರೆ ಉದ್ದಗೆರೆ, ಚದುರಂಗದ ಹಲಗೆಯ ಹಾಗೆ, ಹೊಸ ನರ್ಸುಗಳು ಬಾಯಿಗೆ ಕೈ ಅಡ್ಡ ಹಿಡಿದು ನಗುವುದಿಲ್ಲವೇ, ಕೋಟನ್ನು ಹೀಗೆ ಪೂರ್ತಿ ಹರಡಿ, ತೋಳು ಹೊರಗೆ ಚಾಚಿ, ನಡುವೆ ಉಳಿದ ಬಟ್ಟೆಗಳನ್ನು ಕಟ್ಟಾಗಿ ಇಟ್ಟು, ಆಮೇಲೆ ತೋಳುಗಳನ್ನು ಅವುಗಳ ಮೇಲೆ ತಂದು ಮುಚ್ಚಿದರಾಯಿತು, ಒಂದೇ ಒಂದು ಸುಕ್ಕು ಬಿದ್ದರೆ ನನ್ನ ಹೆಸರು ಬದಲಿಸು. ಎಣ್ಣೆ ಬಾಟಲಿಯ ಮುಚ್ಚಳದ ಕೆಳಗೆ ಪ್ಲಾಸ್ಟಿಕ್ಕಿನ ಚೂರು. ಬೆಲ್ಟು ಅಂಚಿಗೆ ಸುತ್ತ, ಗೋಡೆಗೆ ಹಬ್ಬಿಸಿದ ಹಾಗೆ. ರೈಲಿನಲ್ಲಿ ಮೊದಲು ಬೇಕಾಗುವ ಶಾಲು ಕೈಗೆ ಸಿಗುವ ಹಾಗೆ ಅಂಚಿಗೆ. ಬಟ್ಟೆ ಮುಟ್ಟಬೇಡಿ ಅಂದಿದ್ದಳು, ಹ್ಞೂಂ, ಅಂದಿದ್ದಳು, ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ ಎನ್ನುತ್ತಾರಲ್ಲ, ಆ ಇರುವೆಯ ಗೂಡು ನನ್ನ ಹತ್ತು ಬೆರಳಲ್ಲೇ ಇದೆ. ಆಹಾ, ನೋಡಿದರೆ ಕಣ್ಣು ತಂಪಾಗಬೇಕು, ದೊಡ್ಡಣ್ಣ ಇದ್ದಿದ್ದರೆ ಭುಜ ತಟ್ಟುತ್ತಿದ್ದ — ಆದರೆ ಇದೇನಿದು, ಅವಳ ಸಾಮಾನೆಲ್ಲ ಬಲಮಗ್ಗುಲ ಒಂದು ಮೂಲೆಗೆ ಹೋಗಿ ಕೂತಿದೆ, ಅರ್ಧ ಖಾಲಿ ಇದ್ದ ಪೆಟ್ಟಿಗೆ ನನ್ನ ಜಾಣತನದಿಂದ ಈಗ ಮುಕ್ಕಾಲು ಖಾಲಿ, ನೊಣಕ್ಕೆ ಇನ್ನೊಂದು ಮೈದಾನ ಸಿಕ್ಕಿತು.

ಎಷ್ಟು ಕೆಜಿ ಒಯ್ಯಬಹುದಂತೆ — ಅವಳು ಆ ಸುದ್ದಿ ಹೇಳಿದಾಗ ನನ್ನ ಬಾಯಿಂದ ಮೊದಲು ಬಂದ ಮಾತು ಇದು, ಇದೇ, ಬೇರೆ ಗಂಡಸಾಗಿದ್ದರೆ ಅಭಿನಂದನೆ ಅನ್ನುತ್ತಿದ್ದ, ಒಂದು ವರ್ಷವಾ ಅನ್ನುತ್ತಿದ್ದ, ಎದೆ ಹಿಡಿದುಕೊಳ್ಳುತ್ತಿದ್ದ, ನಾನು ತೂಕ ಕೇಳಿದೆ. ಹೆದರಿಕೆಯಾಗಿತ್ತು, ಸುಳ್ಳೇಕೆ, ಅದು ಮುಖದ ಮೇಲೆ ಕಾಣಬಾರದು ಎಂದು ಕೈಗೆ ಸಿಕ್ಕಿದ ಮಾತನ್ನು ಎತ್ತಿ ಹಿಡಿದೆ. ಅವಳು ಬಟಾಣಿ ಸುಲಿಯುತ್ತಿದ್ದಳು, ಕೈಯಲ್ಲಿದ್ದ ಕಾಯಿ ಬಟ್ಟಲಿಗೆ ಹಾಕಿ, ಕೇಳಿ ಹೇಳ್ತೀನಿ ಬಿಡಿ, ಅಂದಳು. ಅಲ್ಲಿಂದ ಇಲ್ಲಿಯವರೆಗೆ ನಮ್ಮ ಮನೆಯಲ್ಲಿ ಚಕ್ರದ ಮಾತು, ಜಿಪ್ಪಿನ ಮಾತು, ಬೀಗದ ಮಾತು, ಅಲ್ಲಿ ಚಳಿಯಂತೆ, ಹೌದಂತೆ, ಮನೆಯಲ್ಲಿ ಒಲೆ ಇದೆಯಂತೆ, ಇದೆಯಂತೆ, ಕಿಟಕಿಯಿಂದ ಬೆಟ್ಟ ಕಾಣುತ್ತಂತೆ, ಒಳ್ಳೇದು, ಅಷ್ಟು ಅಂದು ನಾನು ಪೆಟ್ಟಿಗೆಯ ತೂಕ ನೋಡುವ ತೂಗುಕೊಕ್ಕೆಗೆ ಎಣ್ಣೆ ಬಿಡಲು ಏಳುತ್ತಿದ್ದೆ. ಒಂದು ಮಾತು, ಬನ್ನಿ ಅನ್ನುವ ಎರಡಕ್ಷರ, ಅದನ್ನು ಅವಳು ಅಂದಿದ್ದರೆ ನಾನು ಉಟ್ಟ ಬಟ್ಟೆಯಲ್ಲೇ ಹೊರಡುತ್ತಿದ್ದೆ, ಅವಳು ಅನ್ನಲಿಲ್ಲ. ಕರೆಯದೆ ಹೋಗಿ ಕೂರುವ ಜಾಯಮಾನ ನನ್ನದಲ್ಲ, ಗುಂಡಿ ಮಾರುವಾಗಲೂ ಬಾಗಿಲಲ್ಲಿ ನಿಂತು ಒಳಗೆ ಬರಬಹುದಾ ಎಂದು ಕೇಳಿಯೇ ಕಾಲಿಟ್ಟವನು — ಕೇಳಿಯೇ, ಹೌದಲ್ಲ, ಕೇಳುತ್ತಿದ್ದೆನಲ್ಲ, ಊರಿನ ಟೈಲರುಗಳನ್ನೆಲ್ಲ ಕೇಳಲು ಬಾಯಿತ್ತು, ಮನೆಯ ಹೆಂಡತಿಯ ಮುಂದೆ ನಾಲಿಗೆ ಬಿದ್ದುಹೋಗಿದೆ. ಯಾಕೆಂದರೆ ಟೈಲರು ಬೇಡ ಅಂದರೆ ಪಕ್ಕದ ಅಂಗಡಿ ಇದೆ. ಇವಳು ಬೇಡ ಅಂದರೆ? ಬೇಡ ಅನ್ನಲಾರಳು, ಅದೇ ತೊಂದರೆ, ಬನ್ನಿ ಬನ್ನಿ ಅದಕ್ಕೇನಂತೆ ಎಂದು ಒಳಗೊಳಗೇ ನಿಟ್ಟುಸಿರು ಬಿಟ್ಟರೆ? ನನಗೆ ಗೊತ್ತು ಪರ ಊರಿನಲ್ಲಿ ಒಂಟಿ ಕೋಣೆಯ ಸುಖ, ಲಾಡ್ಜಿನ ಮಂಚದ ಮೇಲೆ ಅಡ್ಡಡ್ಡ ಮಲಗಿ ಯಾರ ಗೊರಕೆಯೂ ಇಲ್ಲದೆ ಹಾಯಾಗಿ, ಅವಳಿಗೆ ಆ ಸುಖ ಒಂದು ದಿನವೂ ಸಿಗಲಿಲ್ಲ, ಡ್ಯೂಟಿ, ಮನೆ, ಮಗಳು, ನನ್ನ ಗೊರಕೆ, ಈಗ ಸಿಗುತ್ತಿದೆ, ಅದರ ಮಧ್ಯೆ ನಾನು ಹೋಗಿ ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ — ಛೆ. ಬೀದಿ ಮೂಲೆಯ ಟೈಲರು ನಿನ್ನೆ ಕಣ್ಣು ಮಿಟುಕಿಸಿ, ಏನ್ ಸಾರ್, ಒಂದು ವರ್ಷ ಫ್ರೀ ಬರ್ಡು, ಅಂದ, ನಾನೂ ಹ್ಹಹ್ಹ ಎಂದು ನಕ್ಕೆ, ನಕ್ಕು ಬಂದು ಅಡುಗೆಮನೆಯಲ್ಲಿ ನಿಂತು ಅವಳ ಲೋಟ ನೋಡಿದೆ. ನನಗೆ ಅವಳಿಲ್ಲದ ಮನೆ ಬೇಡ.

ಖಾಲಿ ಬಿಡುವುದಂತೂ ಸಾಧ್ಯವಿಲ್ಲ, ಸಾಮಾನು ಒಳಗೇ ಈಜಾಡುತ್ತದೆ, ರೈಲು ಒಮ್ಮೆ ಕುಲುಕಿದರೆ ನನ್ನ ಕಟ್ಟೆಲ್ಲ ಕಲಸುಮೇಲೋಗರ, ತುಂಬಲೇಬೇಕು, ತುಂಬಲು ಏನಿಲ್ಲ ಈ ಮನೆಯಲ್ಲಿ — ಕೊಡೆ, ಬೆಟ್ಟದಲ್ಲಿ ಯಾವ ಹೊತ್ತಿಗೆ ಮಳೆಯೋ ಯಾರಿಗೆ ಗೊತ್ತು. ಬಿಸಿನೀರಿನ ರಬ್ಬರು ಚೀಲ, ಚಳಿಗೆ ಅವಳ ಮಂಡಿ ಹಿಡಿಯುತ್ತದೆ, ರಾತ್ರಿ ಒತ್ತಿಕೊಡಲು ಅಲ್ಲಿ ಯಾರಿದ್ದಾರೆ. ಇಸ್ತ್ರಿಪೆಟ್ಟಿಗೆ, ಚಿಕ್ಕದು, ಕೋಟಿಗೆ. ಟಾರ್ಚು. ಸ್ಕ್ರೂಡ್ರೈವರು, ಹೊಸ ಮನೆ ಅಂದರೆ ಬಾಗಿಲಿನ ಚಿಲಕ ಸಡಿಲ ಇದ್ದೇ ಇರುತ್ತದೆ, ಅವಳು ಅದನ್ನು ಹಾಗೇ ಬಿಟ್ಟು ಕುರ್ಚಿ ಒತ್ತರಿಸಿ ಮಲಗುತ್ತಾಳೆ, ಗೊತ್ತಲ್ಲ ನನಗೆ. ಬಟ್ಟೆ ಒಣಗಿಸಲು ಹಗ್ಗ. ಫ್ಲಾಸ್ಕು, ಬೆಳಗಿನ ಚಹಾ ನಾನು ಮಾಡಿ ತುಂಬಿಡುತ್ತಿದ್ದದ್ದು, ಅಲ್ಲಿ ಅವಳೇ ಮಾಡಿಕೊಳ್ಳಲಿ. ಸೂಜಿ ದಾರ, ಜೊತೆಗೆ ಬಿಳಿ ಕೋಟಿಗೆ ಹೊಂದುವ ನಾಲ್ಕು ತೂತಿನ ಗುಂಡಿ ಒಂದು ಹಿಡಿ, ನರ್ಸುಗಳ ಕೋಟಿನಲ್ಲಿ ಮೂರನೆಯ ಗುಂಡಿಯೇ ಮೊದಲು ಉದುರುತ್ತದೆ, ಬಗ್ಗಿ ಬಗ್ಗಿ, ಇದನ್ನು ನಾನು ಅವಳನ್ನು ಮದುವೆಯಾದ ಮೇಲೆ ಕಂಡುಕೊಂಡದ್ದು. ಕೊಡೆ ಅಂಚಿಗೆ, ಹಗ್ಗ ಕೊಡೆಯ ಸುತ್ತ, ಇಸ್ತ್ರಿಪೆಟ್ಟಿಗೆ ಚಕ್ರದ ಕಡೆಗೆ, ಗುಂಡಿ ಇಸ್ತ್ರಿಪೆಟ್ಟಿಗೆಯ ಕೊಕ್ಕಿನ ಪಕ್ಕ, ಆಹಾ, ಎಡಮಗ್ಗುಲು ತುಂಬಿತು, ಬೆರಳು ತೂರುವುದಿಲ್ಲ, ನೊಣವೇ ನಿರಾಸೆಯಿಂದ ಕಿಟಕಿಗೆ ಹೋಗಿ ಕೂತಿತು. ಪೆಟ್ಟಿಗೆ ಮುಚ್ಚಿ ತೂಗುಕೊಕ್ಕೆಗೆ ಸಿಕ್ಕಿಸಿ ಎತ್ತಿದೆ, ಮುಳ್ಳು ಗಿರ್ರನೆ ತಿರುಗಿ ಕೊನೆಗೆ ಹೋಗಿ ಅಂಟಿಕೊಂಡಿತು, ನನ್ನ ಸೊಂಟವೂ ಅಂಟಿಕೊಂಡಿತು. ಬಿಚ್ಚಿ ಮತ್ತೆ ನೋಡುತ್ತೇನೆ — ಚಿಲಕಕ್ಕೆ ಸ್ಕ್ರೂಡ್ರೈವರು, ಮಂಡಿಗೆ ರಬ್ಬರು ಚೀಲ, ಚಹಾಕ್ಕೆ ಫ್ಲಾಸ್ಕು, ಗುಂಡಿಗೆ ಸೂಜಿ. ಎಲಾ ಬುದ್ಧಿವಂತ, ಒಂದು ವರ್ಷ ನಾನಿಲ್ಲದೆ ಅವಳು ಇರುವುದಕ್ಕೆ ಏನೇನು ಬೇಕೋ ಅದನ್ನೆಲ್ಲ ನಾನೇ ನನ್ನ ಕೈಯಾರೆ ತುಂಬಿಕೊಟ್ಟಿದ್ದೇನೆ.

ಅಪ್ಪಾ, ಮುಟ್ಟಿದ್ಯಾ? ಬಾಗಿಲಲ್ಲಿ ಮಗಳು, ಕೈಯಲ್ಲಿ ಕಾರಿನ ಕೀ, ಸಂಜೆ ಸ್ಟೇಷನ್ನಿಗೆ ಬಿಡಲು ಬಂದಿದ್ದಾಳೆ, ಇಷ್ಟು ಬೇಗ ಯಾಕೆ ಬಂದಳೋ, ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾಳೆ, ಯಾರ ಜೊತೆ ಮಾತಾಡುವಾಗಲೂ ಅವಳ ಬಲಗಾಲು ನೆಲದಲ್ಲಿ ಬ್ರೇಕು ಹುಡುಕುತ್ತದೆ. ಬೂಟು ಸರಿ ಮಾಡಿದೆ ಪುಟ್ಟಿ, ಅಂದೆ, ಬರೀ ಬೂಟು. ಅವಳು ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದಳು, ಇದು ಬೂಟಾ, ಕೊಡೆ ಎತ್ತಿದಳು, ಇದು ಬೂಟಾ, ಸ್ಕ್ರೂಡ್ರೈವರು ಎತ್ತಿದವಳು ಏನೂ ಕೇಳದೆ ಕಣ್ಣು ಮುಚ್ಚಿಕೊಂಡಳು, ಕಲಿಯುವವನು ರಿವರ್ಸಿನಲ್ಲಿ ಗೋಡೆಗೆ ಗುದ್ದಿದಾಗ ಹೀಗೆ ಮುಚ್ಚಿಕೊಳ್ಳುತ್ತಾಳೆ. ಅಮ್ಮ ಆ ಕಡೆ ಖಾಲಿ ಬಿಟ್ಟಿದ್ದು ಇದಕ್ಕಾ? ಮತ್ತೆ ಯಾವುದಕ್ಕೆ, ಹೇಳು ನೋಡೋಣ, ನೀನೇ ಹೇಳು. ನಾನು ಹೇಳಲ್ಲ, ನನ್ನ ಬಾಯಿಗೆ ಬೀಗ ಹಾಕ್ಸಿದಾಳೆ ಅಮ್ಮ, ಎಂದು ಒಂದೊಂದೇ ತೆಗೆದು ಮಂಚದ ಕೆಳಗೆ ತಳ್ಳುತ್ತಾಳೆ, ಹಗ್ಗ, ಟಾರ್ಚು, ಫ್ಲಾಸ್ಕು, ನಾನು ಕಟ್ಟಿದ್ದು ಇಷ್ಟು ಬೇಗ ಬಿಚ್ಚಬಹುದೇ, ಎಡಮಗ್ಗುಲು ಮತ್ತೆ ಬಟಾಬಯಲು. ನೀನ್ಯಾಕೆ ಹೋಗ್ತಿಲ್ಲ ಅಪ್ಪಾ? ಯಾರು ಕರೆದ್ರು ನನ್ನ, ಎಂದೆ, ಕೆಮ್ಮಿದೆ, ಧೂಳು ಅಂದೆ. ನೀನು ಕೇಳಿದ್ಯಾ? ನಾನ್ಯಾಕೆ ಕೇಳ್ಲಿ, ಕೆಲಸಕ್ಕೆ ಹೋಗ್ತಿರೋದು ಅವಳು. ಮಗಳು ಮಂಚದ ಅಂಚಿನಲ್ಲಿ ಕೂತಳು, ಬಲಗಾಲು ನೆಲವನ್ನು ಒತ್ತಿತು — ಅಪ್ಪಾ, ನಾಲ್ಕು ರಸ್ತೆ ಕೂಡೋ ಕಡೆ ನೀವು ಹೋಗಿ ನೀವು ಹೋಗಿ ಅಂತ ಎಲ್ಲಾರೂ ಕೈ ತೋರಿಸ್ತಾ ನಿಂತ್ರೆ ಏನಾಗುತ್ತೆ ಗೊತ್ತಾ, ನಾನು ದಿನಾ ನೋಡ್ತೀನಿ, ಒಳ್ಳೇ ಜನಾನೇ, ಮರ್ಯಾದಸ್ತರೇ, ಒಬ್ಬರೂ ಮುಂದೆ ಹೋಗಲ್ಲ, ಹಿಂದಿರೋರೆಲ್ಲ ಹಾರ್ನ್ ಹೊಡೀತಾರೆ. ನಾನು ಹಿಂದಿರೋಳು, ಪೆಟ್ರೋಲ್ ಹಾಕಿಸ್ಕೊಂಡು ಬರ್ತೀನಿ, ಅಷ್ಟರಲ್ಲಿ ಒಂದು ಗೇರಾದ್ರೂ ಹಾಕು. ಬೀದಿಯಲ್ಲಿ ಕಾರು ಶುರುವಾಯಿತು, ಹೊರಡುವ ಮುಂಚೆ ಹುಡುಗಿ ಬೇಕೆಂದೇ ಹಾರ್ನು ಹೊಡೆದಳು, ಒಮ್ಮೆಯಲ್ಲ, ಉದ್ದಕ್ಕೆ.

ಗೇರಂತೆ. ಹೆತ್ತವರಿಗೇ ಪಾಠ. ಆದರೂ ಎದ್ದೆ, ಕಪಾಟಿನ ಬಾಗಿಲು ತೆಗೆದೆ, ಸುಮ್ಮನೆ, ತೆಗೆದರೆ ಏನು ತಪ್ಪು, ನನ್ನದೇ ಕಪಾಟು — ಅಂಗಿಗಳು ನೇತಾಡುತ್ತಿವೆ, ಎಲ್ಲ ಗುಂಡಿಯೂ ಭದ್ರ. ಬಾಯಿಬಿಟ್ಟು ಕೇಳಲಾರೆ, ಅದು ಖಂಡಿತ, ಅವಳ ಮುಖ ನೋಡಿಕೊಂಡು ಬರಲಾ ಅನ್ನುವುದು ಈ ಜನ್ಮಕ್ಕಾಗದು, ಆದರೆ ಒಂದು ಅಂಗಿ, ಒಂದೇ ಒಂದು, ಅಪ್ಪಿತಪ್ಪಿ ಬಿದ್ದ ಹಾಗೆ — ಬೇಡ ಅನ್ನಿಸಿದರೆ ಅವಳು ತೆಗೆದು ಪಕ್ಕಕ್ಕಿಡಲಿ, ಅಯ್ಯೋ ಇದು ಇಲ್ಲಿ ಹೇಗೆ ಬಂತು ಎಂದು ನಾನೂ ಆಶ್ಚರ್ಯಪಡುತ್ತೇನೆ, ಯಾರ ಮಾನಕ್ಕೂ ಊನವಿಲ್ಲ. ಯಾವುದು? ಪಟ್ಟೆಯದು ಬೇಡ, ಮದುವೆಮನೆಗೆ ಹೊರಟವನ ಹಾಗೆ. ಹಳದಿಯದು, ಅವಳಿಗೆ ಇಷ್ಟವಿಲ್ಲ. ಈ ತಿಳಿಬಿಳಿಯದು, ತೋಳಿನ ಅಂಚು ಸವೆದಿದೆ, ಆದರೆ ಕಪ್ಪೆಚಿಪ್ಪಿನ ಗುಂಡಿ, ಬೆಳಕಿಗೆ ಹಿಡಿದರೆ ಒಳಗೆ ಬಣ್ಣ ಆಡುತ್ತದೆ, ಇದೇ ಆಗಲಿ. ಹರಡಿದೆ, ಮಡಚಿದೆ, ಅಂಚಿಗೆ ಅಂಚು ಕೂಡಲಿಲ್ಲ, ಬಿಚ್ಚಿ ಮತ್ತೆ ಮಡಚಿದೆ, ಸಾವಿರ ಅಂಗಿ ಮಡಚಿದವನು. ಎಡಮಗ್ಗುಲ ನಟ್ಟನಡುವೆ ಇಟ್ಟೆ. ತೀರಾ ನಡುವೆ ಆಯಿತು, ಹಕ್ಕು ಸಾಧಿಸಿದ ಹಾಗೆ ಕಾಣುತ್ತದೆ, ಮೂಲೆಗೆ ಸರಿಸಿದೆ. ಮೂಲೆಯಲ್ಲಿ ದಿಕ್ಕಿಲ್ಲದವನ ಹಾಗೆ ಕಾಣಿಸಿತು, ತೆಗೆದೆ. ಕಪಾಟಿನಲ್ಲಿ ಹಾಕಿದೆ. ಕಪಾಟಿನ ಮುಂದೆ ನಿಂತೆ. ಬಾಲ ಸುಟ್ಟ ಬೆಕ್ಕಿನ ಹಾಗೆ ಮಂಚಕ್ಕೂ ಕಪಾಟಿಗೂ ತಿರುಗಿ ತಿರುಗಿ ಕಾಲು ನೋವು ಬಂತು. ಗೇಟು ಕಿರ್ರೆಂದಿತು — ಅವಳೇ, ಗೇಟನ್ನು ಹಿಮ್ಮಡಿಯಿಂದ ಮುಚ್ಚುವುದು ಅವಳೊಬ್ಬಳೇ, ಎರಡೂ ಕೈ ತುಂಬಿರುತ್ತದಲ್ಲ ಯಾವಾಗಲೂ — ಅಂಗಿಯನ್ನು ಕಿತ್ತುಕೊಂಡು ಬಂದು ಎಡಮಗ್ಗುಲಿಗೆ ಎಸೆದೆ, ಎಸೆದದ್ದೇ, ಮಡಿಕೆಯೆಲ್ಲ ಬಿಚ್ಚಿಹೋಯಿತು, ಸರಿಮಾಡಲು ಹೊತ್ತಿಲ್ಲ, ಕಿಟಕಿಗೆ ಹಾರಿ ನಿಂತು ಹೊರಗೆ ನೋಡತೊಡಗಿದೆ, ಜೀವಮಾನದಲ್ಲಿ ಎದುರು ಮನೆಯ ಗೋಡೆ ನೋಡದವನ ಹಾಗೆ.

ಕೈಯಲ್ಲಿ ಹೂಗುಚ್ಛ, ಕಂಕುಳಲ್ಲಿ ಯಾರೋ ಕೊಟ್ಟ ಗೋಡೆ ಗಡಿಯಾರ, ಮುಖದಲ್ಲಿ ಅತ್ತು ನಕ್ಕ ಕೆಂಪು, ಒಳಗೆ ಬಂದವಳೇ ಗಡಿಯಾರ ನನ್ನ ಕೈಗೆ ಕೊಟ್ಟಳು, ಹಿಡ್ಕೊಳ್ಳಿ, ಹೊರಡೋರಿಗೆ ಯಾರಾದ್ರೂ ಗಡಿಯಾರ ಕೊಡ್ತಾರಾ, ಹುಚ್ಚು ಹುಡುಗೀರು, ಎಂದು ಪೆಟ್ಟಿಗೆಯ ಕಡೆ ತಿರುಗಿದಳು. ಮೊದಲು ಬಲಮಗ್ಗುಲು ನೋಡಿದಳು, ಮುಟ್ಟಿದ್ದೀರ, ಅಂದಳು. ಬೂಟು ಮಾತ್ರ, ಅಂದೆ ಗೋಡೆಗೆ. ನನ್ನ ಬೆನ್ನಿಗೆ ಕಣ್ಣಿಲ್ಲ, ಆದರೂ ಕಂಡಿತು, ಅವಳು ಎಡಮಗ್ಗುಲಿಗೆ ಬಗ್ಗಿದ್ದು, ಅಂಗಿಯನ್ನು ಎತ್ತಿದ್ದು, ಎತ್ತಿದ್ದು ಸದ್ದು ಮಾಡುತ್ತದೆಯೇ, ಮಾಡಿತು, ಆಯಿತು ಮುಗಿಯಿತು, ತೆಗೆದಳು, ಸರಿ, ಅಯ್ಯೋ ಅದು ಅಲ್ಲಿ ಹೇಗೆ ಬಂತು ಅನ್ನಬೇಕು ಈಗ, ಅನ್ನು, ಕೈಯಲ್ಲಿ ಗಡಿಯಾರ ಟಿಕ್ ಟಿಕ್ ಅನ್ನುತ್ತಿದೆ, ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಹಾಗೆ ನಿಂತಿದ್ದೇನೆ. ಇದಲ್ಲ ರೀ, ಅಂದಳು, ಇದು ತೀರಾ ತೆಳು, ಅಲ್ಲಿ ಚಳಿ, ಆ ನೀಲಿ ದಪ್ಪದು ಎಲ್ಲಿ? ಏನು, ಅಂದೆ. ನೀಲಿ ದಪ್ಪ ಅಂಗಿ, ಎರಡು ಸ್ವೆಟರು, ಕಿವಿ ಮುಚ್ಚೋ ಟೋಪಿ, ತನ್ನಿ, ಗಡಿಯಾರ ಕೆಳಗಿಡಿ ಮೊದ್ಲು. ತಿರುಗಿದೆ. ಅಂಗಿಯನ್ನು ಎದೆಗೆ ಹಿಡಿದು ಆಸ್ಪತ್ರೆಯವರು ಮಡಚುವ ಹಾಗೆ ಮಡಚುತ್ತಿದ್ದಳು, ಕೆಟ್ಟದಾಗಿ, ಮೂರು ಮಡಿಕೆ, ಸುಕ್ಕು ಗ್ಯಾರಂಟಿ. ಇದೂ ಇರ್ಲಿ, ಬಿಸಿಲು ಬಂದಾಗ ಹಾಕ್ಕೋಬೋದು, ಎಂದು ಎಡಮಗ್ಗುಲಿಗೇ ಹಾಕಿದಳು. ಟಿಕೆಟ್ಟು, ಅಂದೆ, ಇಷ್ಟು ಮಾತಾಡಬೇಕಾದ ಹೊತ್ತಿನಲ್ಲಿ ಮತ್ತೆ ನನ್ನ ಬಾಯಿಗೆ ಬಂದದ್ದು ನೋಡು. ಎರಡು ತೆಗೆಸಿದೀನಿ, ಮಗಳ ಹತ್ರ ಇದೆ, ನನ್ನದು ತೆಗೆಸಿದ ದಿನಾನೇ. ಒಂದು ಮಾತು ಹೇಳಬಾರದಿತ್ತೇನೇ, ನಾನಿಲ್ಲಿ — ನನಗೆ ನಿನ್ನ ಬಿಟ್ಟು ಇರೋಕಾಗಲ್ಲ ಕಣೇ, ಅಂದುಬಿಟ್ಟೆ, ಅಂದುಬಿಟ್ಟೆನಲ್ಲ, ಬಾಯಿಗೆ ಬೀಗ ಹಾಕಿ ಒಂದು ತಿಂಗಳು ಕಾದದ್ದು ಹಗ್ಗ ಬಿಚ್ಚಿದ ಕರುವಿನ ಹಾಗೆ ಹಾರಿಹೋಯಿತು. ಅವಳು ನಗಲಿಲ್ಲ. ಗೊತ್ತು ರೀ, ಅಂದಳು, ನನಗೂ ಆಗಲ್ಲ, ಆದ್ರೆ ನಾನು ಬನ್ನಿ ಅಂದಿದ್ರೆ ನೀವು ನನ್ನ ಮಾತಿಗೆ ಬರ್ತಿದ್ರಿ, ಹೆಂಡ್ತಿ ಕರೆದ್ಲು ಅಂತ ಚಳಿಯಲ್ಲಿ ಒಂದು ವರ್ಷ ಮುಖ ಗಂಟು ಹಾಕ್ಕೊಂಡು ಕೂತ್ರೆ ನಾನೇನು ಮಾಡ್ಲಿ, ನಿಮಗಾಗೇ ಬರ್ಬೇಕು ಅನ್ನಿಸ್ಬೇಕಿತ್ತು. ಹೆರಿಗೆ ಕೋಣೇಲಿ ನಾವು ಮೇಜಿನ ಒಂದು ಕಡೆ ಯಾವಾಗ್ಲೂ ಖಾಲಿ ಬಿಡ್ತೀವಿ, ಬರೋ ಮಗೂಗೆ, ಬಟ್ಟೆ ಹಾಸಿ ಸುಮ್ನೆ ಕಾಯ್ತೀವಿ, ಬಾ ಬಾ ಅಂತ ಕೂಗಲ್ಲ, ಬರೋರು ಬರ್ತಾರೆ. ಬರದೆ ಹೋಗಿದ್ರೆ? ಮಂಚದ ಕೆಳಗಿನಿಂದ ಇಣುಕುತ್ತಿದ್ದ ಇಸ್ತ್ರಿಪೆಟ್ಟಿಗೆಯನ್ನು ಕಾಲಿನಿಂದ ಒಳಗೆ ತಳ್ಳಿ ಅವಳು ಸೊಂಟಕ್ಕೆ ಕೈ ಕೊಟ್ಟಳು — ಹೊತ್ತಿಗೆ ಬರದೆ ಇದ್ರೆ ಎಳೆದು ಹಾಕೋದೂ ಗೊತ್ತು ನಮಗೆ, ಸಂಜೆವರೆಗೆ ನೋಡಿ ಇಕ್ಕಳ ತಗೋಳೋಣ ಅಂತಿದ್ದೆ.

ನೀಲಿ ಅಂಗಿ, ನೀಲಿ ಅಂಗಿ, ಕಪಾಟಿನ ಮುಂದೆ ನಿಂತಿದ್ದೇನೆ, ಅವಳು ಅಡುಗೆಮನೆಯಲ್ಲಿ ನೀರು ಕುಡಿಯುತ್ತಿದ್ದಾಳೆ, ಲೋಟ ಇಟ್ಟ ಸದ್ದು, ಬೀದಿಯ ತುದಿಯಲ್ಲಿ ಹಾರ್ನು, ಬಂತು ಹಿಂದಿನ ಗಾಡಿ, ಬರಲಿ — ಒಂದು ವಾರದ್ದು ಕಟ್ಟಲು ಗೊತ್ತು ನನಗೆ, ಗುಂಡಿಯ ರಟ್ಟು ನಡುವೆ, ಸುತ್ತ ಬಟ್ಟೆ, ಕಣ್ಣು ಮುಚ್ಚಿ ಕಟ್ಟುತ್ತೇನೆ, ಆದರೆ ಒಂದು ವರ್ಷಕ್ಕೆ, ಗುಂಡಿಯಿಲ್ಲದೆ, ಹೆಂಡತಿಯ ಜೊತೆ, ಇದನ್ನು ದೊಡ್ಡಣ್ಣ ಹೇಳಿಕೊಟ್ಟಿಲ್ಲ, ಸ್ವೆಟರು ಸುರುಳಿಯೋ ಮಡಿಕೆಯೋ, ಎರಡು ಅಂದಳೋ ಮೂರು ಅಂದಳೋ, ಟೋಪಿ ಎಲ್ಲಿದೆ, ಚಪ್ಪಲಿ ಬೇಕೇ, ಬೆಟ್ಟದ ಊರಿನಲ್ಲಿ ಟೈಲರುಗಳು ಇರುತ್ತಾರೆಯೇ, ಇದ್ದೇ ಇರುತ್ತಾರೆ, ಚಳಿಯಿದ್ದಲ್ಲಿ ಕೋಟಿರುತ್ತದೆ, ಕೋಟಿದ್ದಲ್ಲಿ — ಏನು ಹುಡುಕುತ್ತಿದ್ದೆ, ನೀಲಿ, ಹಾಂ, ಸಿಕ್ಕಿತು, ಕಂಕುಳಲ್ಲಿ ನೀಲಿ ಅಂಗಿ, ಎರಡು ಕೈಯಲ್ಲಿ ಸ್ವೆಟರು, ಮಂಚದ ಹತ್ತಿರ ಬಂದು ಬಗ್ಗುತ್ತೇನೆ, ಬಗ್ಗಿದವನು ಹಾಗೇ ನಿಂತಿದ್ದೇನೆ. ಎಡಮಗ್ಗುಲಲ್ಲಿ ಆ ಒಂದೇ ಅಂಗಿ, ಅವಳು ಹಾಕಿದ ಮಡಿಕೆ ಆಗಲೇ ಸಡಿಲಾಗಿದೆ, ಒಂದು ತೋಳು ಹೊರಗೆ ಜಾರಿ ನಡುವಿನ ಗೆರೆ ದಾಟಿ ಬಲಮಗ್ಗುಲಿಗೆ ಹೋಗಿ ಬಿದ್ದಿದೆ, ಬಿಳಿ ಕೋಟಿನ ಮೇಲೆ, ಮಲಗಿದವರ ಮೇಲೆ ಕೈ ಹಾಕಿದ ಹಾಗೆ. ಅದನ್ನು ಸರಿಮಾಡಬೇಕು. ತೋಳನ್ನು ಎತ್ತಿ, ಒಳಗೆ ಮಡಚಿ, ಅಂಚಿಗೆ ಅಂಚು ಕೂಡಿಸಿ — ತೋಳು ಅಲ್ಲೇ ಇದೆ, ಎಡದಿಂದ ಬಲಕ್ಕೆ, ಕೋಟಿನ ಮೇಲೆ, ಸವೆದ ಅಂಚು, ಒಂದು ಗುಂಡಿ.